ಮೋಡದೊಳಗಣ ಹುಲ್ಲುಗಾವಲು: ನೆಲ್ಯಹುದಿಕೇರಿಯಿಂದ ತಡಿಯಂಡಮೋಳಿಗೆ

ನದಿಯ ದಡದಲ್ಲಿ ಮನೆ ಮಾಡಿಕೊಂಡವರಿಗೆ ನದಿಯ ಹರಿವು ಮಾತ್ರ ಪರಿಚಿತವಾಗಿರುತ್ತದೆ. ಅದರ ಹುಟ್ಟು ಪರಿಚಿತವಾಗಿರುವುದಿಲ್ಲ. ನಮ್ಮ ನೆಲ್ಯಹುದಿಕೇರಿಯವರ ಪಾಡೂ ಇದೇ. ಕುಶಾಲನಗರದಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ, ಸೇತುವೆಗೆ ಈಚೆ ಇರುವ ಊರು ನಮ್ಮದು. ಸೇತುವೆ ದಾಟಿದರೆ ಸಿದ್ದಾಪುರ. ನಡುವೆ ಕಾವೇರಿ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಮೆಲ್ಲನೆ ಜಾರಿಕೊಂಡು ಹೋಗುವ ಆ ತಾಯಿ, 2019ರ ಆಗಸ್ಟ್ ತಿಂಗಳಿನಲ್ಲಿ ಊರೊಳಗೆ ಬಂದು ನಿಂತಳು. ದಡದ ಎಷ್ಟೋ ಮನೆಗಳು ಮಣ್ಣುಪಾಲಾದವು. ನಮ್ಮ ಬಳಗದ ಹಿರಿಯ ಅಕ್ಕನ ಮನೆಯೂ ಅವುಗಳಲ್ಲೊಂದು. ಮೂವತ್ತು ವರ್ಷ ಅಡುಗೆ ಮಾಡಿದ ಒಲೆಯ ಜಾಗದಲ್ಲಿ ಮರುವಾರ ಮೊಣಕಾಲುದ್ದ ಕೆಸರು ಮಾತ್ರ ಇತ್ತು.

ಅಂದಿನಿಂದ ಅಕ್ಕ ಬಾಡಿಗೆ ಮನೆಯಲ್ಲಿದ್ದಾರೆ. ಸೇತುವೆಯ ಮೇಲೆ ಹೋಗುವಾಗ ಹೊಳೆಯ ಕಡೆ ನೋಡುವುದಿಲ್ಲ. ಈ ಬೇಸಿಗೆಯ ರಜೆಯಲ್ಲಿ ಮಕ್ಕಳು ಬೆಟ್ಟ ಹತ್ತಬೇಕೆಂದು ಹಟ ಹಿಡಿದು, ನಾವು ತಡಿಯಂಡಮೋಳಿನ ಹೆಸರು ಹೇಳಿದಾಗ, ಅವರೇ ಅನಿರೀಕ್ಷಿತವಾಗಿ, “ನಾನೂ ಬರುತ್ತೇನೆ. ಅಷ್ಟು ನೀರು ಎಲ್ಲಿಂದ ಬಂತೆಂದು ಒಮ್ಮೆ ಕಣ್ಣಿನಿಂದ ನೋಡಬೇಕು” ಎಂದರು. ಆ ಮಾತಿನ ಮೇಲೆ ನಮ್ಮ ವಿಹಾರಕ್ಕೆ ಬೇರೆಯದೇ ಒಂದು ಉದ್ದೇಶ ಕೂಡಿಕೊಂಡಿತು.

ತಲಕಾವೇರಿಯನ್ನು ಬಿಟ್ಟು ತಡಿಯಂಡಮೋಳೇಕೆ ಎಂದು ಓದುಗರು ಕೇಳಬಹುದು. ತಲಕಾವೇರಿಯ ಕುಂಡಿಕೆಯನ್ನು ನಾವೆಲ್ಲರೂ ಕಂಡವರೇ. ಆದರೆ ನಮ್ಮ ಊರಿನ ಮುಂದೆ ಹರಿಯುವುದು ಅದೊಂದೇ ತೀರ್ಥದ ನೀರಲ್ಲ. ದಾರಿಯುದ್ದಕ್ಕೂ ಹತ್ತಾರು ಹೊಳೆತೊರೆಗಳು ಕೂಡಿ ಅದು ನದಿಯಾಗಿದೆ. ಕಕ್ಕಬ್ಬೆ ಹೊಳೆ ಅವುಗಳಲ್ಲೊಂದು. 1748 ಮೀಟರ್ ಎತ್ತರದ ತಡಿಯಂಡಮೋಳು ಕೊಡಗಿನ ಅತಿ ಎತ್ತರದ ಶಿಖರ. ಅದರ ಪೂರ್ವದ ಮಗ್ಗುಲಿನಲ್ಲಿ ಬಿದ್ದ ಮಳೆ ಕಕ್ಕಬ್ಬೆಯ ಕಡೆ ಇಳಿದು ಕಾವೇರಿಯನ್ನು ಸೇರಿ, ನಮ್ಮ ಸೇತುವೆಯ ಕೆಳಗೆ ಹಾದು, ಕನ್ನಂಬಾಡಿ ಕಟ್ಟೆಯನ್ನು ತುಂಬಿ, ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಪಶ್ಚಿಮದ ಮಗ್ಗುಲಿನಲ್ಲಿ ಬಿದ್ದದ್ದು ಕೇರಳದ ಕಣ್ಣೂರು ಸೀಮೆಗಿಳಿದು ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳು ಎರಡು ಕಡಲಿನ ಪಾಲಾಗುವ ಜಾಗವಿದು.

ಪ್ರಯಾಣ

ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಬೆಟ್ಟದ ದಾರಿಗಳನ್ನು ಅರಣ್ಯ ಇಲಾಖೆ ಮುಚ್ಚುವುದುಂಟು. ಆದ್ದರಿಂದ ಮೇ ತಿಂಗಳಿನಲ್ಲಿ ನಾಲ್ಕಾರು ಮಳೆ ಬಿದ್ದ ಮೇಲೆ, ದಾರಿ ತೆರೆದಿದೆಯೆಂದು ವಿಚಾರಿಸಿ, ಅನುಮತಿ ಪಡೆದು ದಿನವನ್ನು ಗೊತ್ತುಮಾಡಿದೆವು. ಮೂರು ಮನೆಗಳಿಂದ ಹನ್ನೊಂದು ಜನ. ಕೋಳಿ ಕೂಗುವ ಹೊತ್ತಿಗೆ ಎದ್ದು, ಸ್ನಾನ ಪೂಜೆಗಳನ್ನು ಮುಗಿಸಿ, ರೊಟ್ಟಿ, ಚಟ್ನಿಪುಡಿ, ಬುತ್ತಿಯನ್ನಗಳನ್ನು ಕಟ್ಟಿಕೊಂಡು ಐದು ಗಂಟೆಗೆ ಜೀಪು ಹತ್ತಿದೆವು. ಸಿದ್ದಾಪುರ, ವಿರಾಜಪೇಟೆಗಳನ್ನು ದಾಟಿ ಕಕ್ಕಬ್ಬೆ ಸೇರುವ ಹೊತ್ತಿಗೆ ಬೆಳಕು ಹರಿದಿತ್ತು. ಆದರೆ ಸೂರ್ಯನ ಸುಳಿವಿರಲಿಲ್ಲ. ಮೋಡವು ಕಾಫಿ ತೋಟದ ನೆರಳು ಮರಗಳ ತಲೆಯ ಮೇಲೆ ಒದ್ದೆ ಕಂಬಳಿಯನ್ನು ಹರವಿದಂತೆ ಕುಳಿತಿತ್ತು.

ಕಕ್ಕಬ್ಬೆಯ ಬಳಿಯಲ್ಲೇ ಪಾಡಿ ಇಗ್ಗುತಪ್ಪನ ಸನ್ನಿಧಿಯಿದೆ. ಮಳೆ ಬೆಳೆಗಳನ್ನು ಕೊಡುವ ದೇವನೆಂದು ಕೊಡವರು ಆತನನ್ನು ನಂಬುತ್ತಾರೆ. ಹೊಸ ಬೆಳೆಯ ಹಬ್ಬವಾದ ಪುತ್ತರಿಯ ಮುಹೂರ್ತ ನಿಶ್ಚಯವಾಗುವುದೂ ಅಲ್ಲಿಯೇ. ಮಳೆಯ ದೇವರು ಮಳೆಯ ಬೆಟ್ಟದ ಬುಡದಲ್ಲಿಯೇ ನೆಲೆಸಿರುವುದು ಹಿರಿಯರ ತಿಳಿವಳಿಕೆಗೆ ಸಾಕ್ಷಿಯೆಂದು ನಮಗೆ ತೋರಿತು.

ನಾಲಕುನಾಡು ಅರಮನೆಯ ಬಳಿ ಜೀಪು ಬಿಟ್ಟು ನಡೆಯತೊಡಗಿದೆವು. ಮೊದಲಿಗೆ ಕಾಫಿ ತೋಟಗಳ ನಡುವಿನ ಕಡಿದಾದ ದಾರಿ. ಅನಂತರ ಅರಣ್ಯ ಇಲಾಖೆಯ ಬಾಗಿಲು. ಅಲ್ಲಿದ್ದ ವಯಸ್ಸಾದ ಕಾವಲುಗಾರರು ನಮ್ಮ ಚೀಲಗಳಲ್ಲಿದ್ದ ಪ್ಲಾಸ್ಟಿಕ್ ವಸ್ತುಗಳನ್ನು ಎಣಿಸಿ ಬರೆದುಕೊಂಡರು. ಆಕಾಶದ ಕಡೆ ಒಮ್ಮೆ ನೋಡಿ, “ಮಂಜು ಬಂದರೆ ಕುಳಿತುಕೊಳ್ಳಿ, ಸರಿಯುತ್ತದೆ. ಆದರೆ ಗುಡುಗು ಕೇಳಿಸಿದರೆ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡಬೇಡಿ. ಬಯಲು ಹುಲ್ಲಿನಲ್ಲಿ ಸಿಡಿಲಿಗೆ ಮನುಷ್ಯನೇ ಮರ” ಎಂದರು. ಆ ಮಾತು ನಮ್ಮ ಕಿವಿಯಲ್ಲಿ ಉಳಿಯಿತು.

ಕಾಡಿನ ದಾರಿ ತಂಪಾಗಿತ್ತು. ಮಳೆ ಬಿದ್ದಿದ್ದರಿಂದ ಜಿಗಣೆಗಳು ಎಚ್ಚೆತ್ತಿದ್ದವು. ಉಪ್ಪು, ಹೊಗೆಸೊಪ್ಪುಗಳ ಗಂಟನ್ನು ಕಾಲಿಗೆ ಉಜ್ಜಿಕೊಂಡರೂ ಅವು ತಮ್ಮ ಕಾಣಿಕೆಯನ್ನು ಪಡೆಯದೆ ಬಿಡಲಿಲ್ಲ. ಎಲ್ಲಿಂದಲೋ ಒಂದು ಹಕ್ಕಿ ಶಾಲೆ ತಪ್ಪಿಸಿಕೊಂಡ ಹುಡುಗನಂತೆ ನಿಧಾನವಾಗಿ ಸಿಳ್ಳೆ ಹಾಕುತ್ತಿತ್ತು. ದಾರಿಗೆ ಅಡ್ಡವಾಗಿ ಹರಿಯುವ ಒಂದು ತೊರೆಯನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದೆವು. ಅಕ್ಕ ಮಾತ್ರ ಅಲ್ಲಿ ಒಂದು ಕ್ಷಣ ನಿಂತು ನೀರನ್ನು ನೋಡಿ, ಏನನ್ನೂ ಹೇಳದೆ ಮುಂದೆ ನಡೆದರು.

ಹುಲ್ಲಿನ ಸಾಮ್ರಾಜ್ಯ

ಏರುತ್ತ ಏರುತ್ತ ಮರಗಳು ಗಿಡ್ಡವಾದವು. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಮುಗಿದೇ ಹೋದವು. ಮುಂದೆ ಹುಲ್ಲು, ಹುಲ್ಲು, ಬರಿಯ ಹುಲ್ಲು. ಬೇಸಿಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗಿದ್ದ ಹಳೆಯ ಗರಿಗಳ ಬುಡದಲ್ಲಿ, ಹೊಸ ಮಳೆಗೆ ಎಳೆಯ ಹಸಿರು ಚಿಗುರಿತ್ತು. ನಡುನಡುವೆ ಮೊಣಕಾಲೆತ್ತರದ ಸಣ್ಣ ಈಚಲು. ಬೆಟ್ಟದ ಮಡಿಲುಗಳಲ್ಲಿ ಮಾತ್ರ ಕಡು ಹಸಿರಿನ ಕಾಡಿನ ತುಣುಕುಗಳು. ಇವನ್ನೇ ಶೋಲಾ ಕಾಡುಗಳೆನ್ನುತ್ತಾರೆ.

“ಇಲ್ಲಿ ಮರಗಳನ್ನು ಕಡಿದವರು ಯಾರು, ದೊಡ್ಡಪ್ಪ?” ಎಂದು ಮಕ್ಕಳಲ್ಲೊಬ್ಬನು ಕೇಳಿದನು. ಯಾರೂ ಕಡಿಯಲಿಲ್ಲ. ಹಿಮಾಲಯದಲ್ಲಿ ಬುಗ್ಯಾಲ್ ಎಂದು ಕರೆಯುವ ಹುಲ್ಲುಗಾವಲುಗಳಿವೆ; ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿಯೂ ಇವೆ. ಅಲ್ಲಿ ಒಂದು ಎತ್ತರದ ಮೇಲೆ ಚಳಿಯೇ ಮರವನ್ನು ಬೆಳೆಯಗೊಡುವುದಿಲ್ಲ. ನಮ್ಮ ಸಹ್ಯಾದ್ರಿಗೆ ಅಷ್ಟು ಎತ್ತರವಿಲ್ಲ. ಬೀಸುವ ಗಾಳಿ, ಬಂಡೆಯ ಮೇಲಿನ ತೆಳುವಾದ ಮಣ್ಣು, ಚಳಿಗಾಲದ ಕೊರೆತ, ಆಗಾಗ ಬೀಳುವ ಬೆಂಕಿ, ಇವೆಲ್ಲ ಕೂಡಿ ಇಲ್ಲಿ ಹುಲ್ಲಿಗೆ ನೆಲೆ ಕೊಟ್ಟಿವೆಯೆಂದು ತಿಳಿದವರು ಹೇಳುತ್ತಾರೆ. ನೀಲಗಿರಿ ಬೆಟ್ಟಗಳ ಜವುಗು ಮಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲಿತ್ತೆಂಬ ಕುರುಹು ಸಿಕ್ಕಿದೆ. ಮನುಷ್ಯನ ಕೊಡಲಿಗಿಂತ ಈ ಹುಲ್ಲು ಹಳೆಯದು.

ಇದನ್ನರಿಯದ ಬ್ರಿಟಿಷರು ಇಂತಹ ಬೆಟ್ಟಗಳನ್ನು ಪಾಳು ಭೂಮಿಯೆಂದು ಬಗೆದು, ನೀಲಗಿರಿಯಲ್ಲಿ ಆಸ್ಟ್ರೇಲಿಯಾದ ಮರಗಳನ್ನು ತಂದು ನೆಟ್ಟರು. ಆ ಮರಕ್ಕೆ ನಾವು ನೀಲಗಿರಿಯೆಂದೇ ಹೆಸರಿಟ್ಟುಕೊಂಡೆವು! ಬೆಟ್ಟದ ನಿಜವಾದ ಒಡೆಯನಾದ ಹುಲ್ಲಿಗೆ ಹೆಸರಿಲ್ಲವಾಯಿತು. ಹುಲ್ಲಿನ ಕೆಲಸವಾದರೂ ಎಂತಹುದು! ಒತ್ತಾಗಿ ಹೆಣೆದ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಮಳೆಯ ಪೆಟ್ಟು ಮಣ್ಣಿಗೆ ನೇರವಾಗಿ ತಾಗದಂತೆ ಗರಿಗಳು ತಡೆಯುತ್ತವೆ. ಇಂಗಿದ ನೀರು ಮಡಿಲಿನ ಶೋಲಾಕ್ಕೆ ಇಳಿಯುತ್ತದೆ. ಅಲ್ಲಿ ಹಾವಸೆ, ತರಗೆಲೆ, ಬೇರುಗಳ ಹಾಸಿಗೆ ಅದನ್ನು ಹೀರಿಕೊಂಡು, ಗೃಹಿಣಿಯು ಕಣಜದ ಕಾಳನ್ನು ಅಳೆದು ಹಾಕುವಂತೆ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತದೆ. ಬೆಳಿಗ್ಗೆ ದಾಟಿದ ತೊರೆ ಮೇ ತಿಂಗಳಿನಲ್ಲಿಯೂ ಬತ್ತದೆ ಇದ್ದುದರ ಗುಟ್ಟು ಇದೇ.

ಮೋಡ ಇಳಿಯಿತು

ದೊಡ್ಡದೊಂದು ಬಂಡೆಯ ಬಳಿ ಕುಳಿತು ರೊಟ್ಟಿ ಬಿಚ್ಚಿದೆವು. ಎದುರಿಗೆ ಶಿಖರ ಕಾಣಬೇಕಿತ್ತು. ಅಲ್ಲಿ ಬಿಳಿಯ ಗೋಡೆಯಿತ್ತು. ಗಾಳಿ ತಿರುಗಿದಾಗ ಗೋಡೆಯಲ್ಲಿ ಒಂದು ಕಿಟಕಿ ತೆರೆದಂತಾಗಿ, ಸಾಲುಸಾಲು ಬೆಟ್ಟಗಳು, ಕಣಿವೆಯ ಗದ್ದೆಗಳು ಕಂಡವು. ನೋಡಿದಿರಾ ಎನ್ನುವಷ್ಟರಲ್ಲಿ ಕಿಟಕಿ ಮುಚ್ಚಿತು. ಮೋಡವು ನಮ್ಮನ್ನು ಹಾದೇ ಹೋಗುತ್ತಿತ್ತು. ಮಕ್ಕಳ ರೆಪ್ಪೆಗಳ ಮೇಲೆ, ಅಕ್ಕನ ಸೆರಗಿನ ಅಂಚಿನಲ್ಲಿ, ಹುಲ್ಲಿನ ಪ್ರತಿಯೊಂದು ಎಸಳಿನ ತುದಿಯಲ್ಲಿ ಸಾಸಿವೆಯಷ್ಟು ಹನಿ. ಮಳೆ ಬರುತ್ತಿರಲಿಲ್ಲ; ಆದರೂ ಎಲ್ಲವೂ ತೊಯ್ದಿತ್ತು.

ಮುಂದಿನದು ಕಡಿದಾದ ಏರು. ಅರ್ಧ ದಾರಿ ಸಾಗಿ, ಶಿಖರದ ಕೆಳಗಿನ ಶೋಲಾದ ಅಂಚು ಮಂಜಿನಲ್ಲಿ ಮಸುಕಾಗಿ ಕಾಣುತ್ತಿದ್ದಾಗ, ಪಶ್ಚಿಮದಲ್ಲಿ ಮೊದಲ ಗುಡುಗು ಕೇಳಿಸಿತು. ದೂರದ್ದು, ಮೆಲ್ಲನೆಯದು. ಯುವಕರು, “ಇನ್ನು ಅರ್ಧ ಗಂಟೆ ಸಾಕು, ಮುಟ್ಟಿ ಬಂದುಬಿಡೋಣ” ಎಂದರು. ನಮ್ಮ ಮನಸ್ಸೂ ತೂಗಾಡಿತು. ಇಷ್ಟು ದೂರ ಬಂದು ಶಿಖರ ಮುಟ್ಟದೆ ಮರಳುವುದೆಂದರೆ ಯಾರಿಗೆ ಒಪ್ಪಿಗೆಯಾದೀತು? ಆಗ ಅಕ್ಕ ಹೇಳಿದರು: “ಅಂದು ರಾತ್ರಿ ನೀರು ಅಂಗಳಕ್ಕೆ ಬಂದಾಗ, ಇನ್ನು ಅರ್ಧ ಗಂಟೆ ನೋಡೋಣ ಎಂದೇ ನಾವು ಕುಳಿತಿದ್ದೆವು. ಕೊನೆಗೆ ಉಟ್ಟ ಬಟ್ಟೆಯಲ್ಲಿ ಎದ್ದು ಬಂದೆವು.”

ಮತ್ತೆ ಯಾರೂ ಮಾತನಾಡಲಿಲ್ಲ. ಹಿಂದಕ್ಕೆ ತಿರುಗಿದೆವು. ಬಯಲನ್ನು ಬಿಟ್ಟು ಕಾಡಿನ ನೆರಳಿಗೆ ಸೇರಿ ಬಹಳ ಹೊತ್ತಾಗಿರಲಿಲ್ಲ. ಬೆಟ್ಟದ ನೆತ್ತಿಯ ಮೇಲೆ ಸಿಡಿಲಿನ ಸದ್ದು ಒಂದರ ಮೇಲೊಂದು ಕೇಳಿಬಂದಿತು. ಮಳೆ ಹಿಡಿಯಿತು. ಶಿಖರಕ್ಕೆ ಹೋಗೋಣವೆಂದವರೇ ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

ಬೆಳಿಗ್ಗೆ ದಾಟಿದ ತೊರೆ ಈಗ ತುಸು ತುಂಬಿಕೊಂಡಿತ್ತು. ಆದರೆ ನೀರು ಮಾತ್ರ ತಿಳಿಯಾಗಿಯೇ ಇತ್ತು, ಕೆಸರಿರಲಿಲ್ಲ. ಅಕ್ಕ ಕಲ್ಲಿನ ಮೇಲೆ ಕುಳಿತು ಬೊಗಸೆಯಲ್ಲಿ ನೀರೆತ್ತಿ ನೋಡಿದರು. “ನಮ್ಮ ಮನೆಗೆ ಬಂದ ನೀರು ಕೆಂಪಗಿತ್ತು. ಇಲ್ಲಿಂದ ಹೊರಡುವಾಗ ಹೀಗಿರುತ್ತದೆಯೇ?” ಎಂದರು.

ಆ ಪ್ರಶ್ನೆಗೆ ಉತ್ತರ ಬೆಟ್ಟಕ್ಕೂ ಊರಿಗೂ ನಡುವೆ ಇದೆ. ನೀರಿಗೆ ಕೆಂಪು ಬಣ್ಣ ಬರುವುದು ದಾರಿಯಲ್ಲಿ ಬಿಚ್ಚಿದ ಮಣ್ಣಿನಿಂದ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಜರಿದಾಗ, ಅತಿಯಾದ ಮಳೆಯೊಂದಿಗೆ ಇಳಿಜಾರುಗಳನ್ನು ಕಡಿದು ರಸ್ತೆ, ಕಟ್ಟಡಗಳಿಗಾಗಿ ಸಮತಟ್ಟು ಮಾಡಿದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ತಿಳಿಸಿದರು. ಹುಲ್ಲಿದ್ದರೆ ಪ್ರವಾಹವೇ ಬರುವುದಿಲ್ಲವೆಂದು ನಾವು ಹೇಳಲಾರೆವು. ಕೆಲವೇ ದಿನಗಳಲ್ಲಿ ತಿಂಗಳ ಮಳೆ ಸುರಿದರೆ ಯಾವ ಬೇರೂ ತಡೆಯಲಾರದು. ಆದರೆ ಬೆಟ್ಟವು ತಾನು ಮಾಡಬೇಕಾದುದನ್ನು ಮಾಡುತ್ತಲೇ ಇದೆ. ಉಳಿದ ದಾರಿಯ ಹೊಣೆ ನಮ್ಮದು. ನಮ್ಮ ತೋಟದ ಇಳಿಜಾರನ್ನು ನಾವು ಹೇಗಿಟ್ಟುಕೊಂಡಿದ್ದೇವೆ, ಹೊಳೆಯ ದಡವನ್ನು ಎಷ್ಟು ಒತ್ತಿದ್ದೇವೆ, ಎಂಬುದನ್ನು ಪ್ರತಿಯೊಂದು ಮನೆಯವರೂ ಕೇಳಿಕೊಳ್ಳಬೇಕಾಗಿದೆ.

ಅರಮನೆಯ ಜಗಲಿಯಲ್ಲಿ

ಮೂರು ಗಂಟೆಯ ಸುಮಾರಿಗೆ ನಾಲಕುನಾಡು ಅರಮನೆಗೆ ಇಳಿದು ಬಂದು ಜಗಲಿಯಲ್ಲಿ ಬಟ್ಟೆ ಹಿಂಡಿಕೊಂಡೆವು. ಹಾಲೇರಿ ವಂಶದ ದೊಡ್ಡವೀರರಾಜೇಂದ್ರನು 1792ರಲ್ಲಿ ಕಟ್ಟಿಸಿದ ಮನೆಯಿದು. ಆ ವಂಶದ ಅರಸರು ವೀರಶೈವರು. ಮೂಲಪುರುಷನು ಜಂಗಮವೇಷದಲ್ಲಿ ಹಾಲೇರಿಗೆ ಬಂದನೆಂದು ಐತಿಹ್ಯ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರನಿಗೆ ಈ ಕಾಡೇ ಕೋಟೆಯಾಯಿತು. ಅಂಗಳದಲ್ಲಿ ಪುಟ್ಟ ಕಲ್ಯಾಣಮಂಟಪವಿದೆ. ಒಳಗಿನ ಕೋಣೆಗಳು ಕತ್ತಲು. ಕೆತ್ತನೆಯ ಮರದ ಕಂಬಗಳು ಗಂಭೀರ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಓದಿದವರಿಗೆ ಈ ಮನೆಯ ಕೊನೆಯ ಅಧ್ಯಾಯವೂ ಗೊತ್ತು. 1834ರ ಏಪ್ರಿಲ್‌ನಲ್ಲಿ ಆ ವಂಶದ ಕಡೆಯ ಅರಸನು ಇಲ್ಲಿ ಆಶ್ರಯ ಪಡೆದು, ಕೊನೆಗೆ ಇಂಗ್ಲಿಷರಿಗೆ ಶರಣಾದನು. ಆಮೇಲೆ ಕಾಶಿ, ಅಲ್ಲಿಂದ ಲಂಡನ್, ಕೊಡಗಿಗೆ ಮರಳಲಿಲ್ಲ.

ಇದನ್ನು ಕೇಳುತ್ತಿದ್ದ ಅಕ್ಕ, “ಅರಸನಿಗೂ ಮನೆ ಹೋಯಿತಲ್ಲ. ನಾನಾದರೂ ಊರಿನಲ್ಲೇ ಉಳಿದೆ” ಎಂದು ನಕ್ಕರು. ಆರು ತಾಸು ನಡೆದ ಆಯಾಸವೆಲ್ಲ ಆ ನಗೆಯಿಂದ ಇಳಿದುಹೋಯಿತು.

ಈ ದಾರಿಯಲ್ಲಿ ಹೋಗಬಯಸುವ ಕುಟುಂಬಗಳಿಗೆ ಎರಡು ಮಾತು. ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿರಿ. ಬೆಳಿಗ್ಗೆ ಬೇಗ ಹತ್ತಿ, ಮಧ್ಯಾಹ್ನದ ಮೋಡ ಕಟ್ಟುವ ಮುನ್ನ ಇಳಿಯಿರಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿರಿ. ಬೆಂಕಿಯನ್ನಂತೂ ಹಚ್ಚಲೇಬೇಡಿರಿ. ಶಿಖರ ಮುಟ್ಟದಿದ್ದರೆ ಯಾತ್ರೆ ಅಪೂರ್ಣವೆಂದು ಭಾವಿಸಬೇಡಿರಿ.

ಸಂಜೆ ಏಳು ಗಂಟೆಗೆ ಸಿದ್ದಾಪುರದ ಸೇತುವೆಗೆ ಬಂದಾಗ ಅಕ್ಕ ಜೀಪು ನಿಲ್ಲಿಸಲು ಹೇಳಿದರು. ಇಳಿದು, ಕಂಬಿಯನ್ನು ಹಿಡಿದು, ಬಹಳ ಹೊತ್ತು ಕೆಳಗೆ ನೋಡಿದರು. ಕತ್ತಲಲ್ಲಿ ಹೊಳೆ ಕಾಣುತ್ತಿರಲಿಲ್ಲ. ಸದ್ದು ಮಾತ್ರ ಇತ್ತು. “ಸಿಟ್ಟು ಇಳಿಯಿತೆನ್ನಲಾರೆ,” ಎಂದರು, “ಭಯ ಸ್ವಲ್ಪ ಇಳಿದಿದೆ.” ನಾವು ಅಂದು ಬೆಟ್ಟದಿಂದ ತಂದ ಪ್ರಸಾದ ಅಷ್ಟೇ. ನಮಗೆ ಅದು ಸಾಕಾಗಿತ್ತು.