ಕೇಪಳದ ಗಿಡ, ಗೋಡೆಯ ಬಿರುಕು

ನಿಮ್ಮಲ್ಲಿ ಎರೆಭೂಮಿಯ ಮೇಲೆ ಮನೆ ಕಟ್ಟಿಕೊಂಡವರು ಎಷ್ಟು ಮಂದಿ ಇದ್ದೀರೋ ಕಾಣೆ. ಇದ್ದರೆ, ಬೇಸಿಗೆ ಬಂತೆಂದರೆ ಗೋಡೆಯ ಕಡೆಗೇ ಕಣ್ಣು ಹೋಗುವ ಅಭ್ಯಾಸ ನಿಮಗೂ ಇದ್ದೀತು.

ನನ್ನ ತವರು ಶಿರಸಿಯ ಕಡೆ, ಕೊಟ್ಟ ಮನೆ ಗದಗಿನ ಕಡೆ. ಅಲ್ಲಿಯದು ಕೆಂಪು ಮಣ್ಣು. ಮಳೆ ನಿಂತ ಅರ್ಧ ಗಂಟೆಗೆ ಅಂಗಳದಲ್ಲಿ ಓಡಾಡಬಹುದು. ಇಲ್ಲಿಯ ಎರೆಮಣ್ಣು ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಸಾಲ ಮಾಡಿ ಮನೆ ಕಟ್ಟಿದ ವರ್ಷ ತವರಿನಿಂದ ನಾಲ್ಕು ಕೇಪಳದ ಗಿಡ ತಂದು ದೇವರ ಕೋಣೆಯ ಹೊರಗೋಡೆಗೆ ಒತ್ತಿಯೇ ನೆಟ್ಟೆ. ಪೂಜೆಗೆ ಕೆಂಪು ಹೂ ಕೈಗೆಟಕುವಂತಿರಲಿ ಎಂದು.

ಹೂ ಎಲ್ಲಿಂದ ಬರಬೇಕು! ಎಲೆಯ ನರ ಮಾತ್ರ ಹಸಿರು, ಉಳಿದದ್ದೆಲ್ಲ ಅರಿಸಿನ. ನೀರು ಸಾಲದೆಂದು ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ಸುರಿದೆ. ಮೂರನೆಯ ಬೇಸಿಗೆಗೆ ದೇವರ ಕೋಣೆಯಲ್ಲಿ ಕಿಟಕಿಯ ಮೂಲೆಯಿಂದ ಮಾಡಿನ ತನಕ ಓರೆಯಾಗಿ ಬಿರುಕು ಬಂತು.

"ದೇವರ ಗ್ವಾಡಿ ಬಿರಕ ಬಿಡೂದು ಛಲೋ ಅಲ್ಲವಾ. ಯಾರನ್ನರೆ ಕರಿಸಿ ಕೇಳ್ರಿ" ಎಂದರು ಅತ್ತೆ. ಬಂದವರೊಬ್ಬರು ಬಾಗಿಲಿನ ದಿಕ್ಕೇ ತಪ್ಪು ಎಂದರು. ಗೌಂಡಿ ಗೋಡೆ ಕೆಡವಿ ಕಟ್ಟಬೇಕೆಂದ. ನನ್ನ ಪಾಟಲಿ ಬಿಚ್ಚುವ ಮಾತೂ ಬಂತು. ನಾನು ಕೊಡುವುದಿಲ್ಲ ಅನ್ನಲಿಲ್ಲ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಅದೇ ರಜೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಮೈದುನನ ಮಗಳು ಬಂದಳು. ಗೋಡೆ ನೋಡಿದಳು, ಗಿಡ ನೋಡಿದಳು. "ದೊಡ್ಡವ್ವಾ, ಇಲ್ಲಿ ದಿನಾ ಎಷ್ಟು ನೀರು ಹಾಕ್ತೀರಿ?" ಎಂದಳು. ಹೇಳಿದೆ. ಆಕೆ ನಕ್ಕಳು. ನನಗೆ ನಗು ಬರಲಿಲ್ಲ.

ಆಕೆ ಹೇಳಿದ್ದು ನನ್ನ ಅಡುಗೆಮನೆಯ ಭಾಷೆಯಲ್ಲಿ ಹೀಗೆ. ಎರೆಮಣ್ಣಿನ ಜಿಗುಟು ಕಣದ ಹೆಸರು ಮಾಂಟ್‌ಮೊರಿಲೊನೈಟ್. ಅದು ಹೋಳಿಗೆ ಅಡುಕಿಟ್ಟ ಹಾಗೆ ಪದರ ಪದರ. ಪ್ರತಿ ಹೋಳಿಗೆಯಲ್ಲೂ ಮೇಲೆ ಕೆಳಗೆ ಸಿಲಿಕಾದ ಕಣಕ, ನಡುವೆ ಅಲ್ಯೂಮಿನಾದ ಹೂರಣ. ಹೋಳಿಗೆ ಹೋಳಿಗೆಯ ನಡುವೆ ಅಂಟು ಕಡಿಮೆ, ಅಲ್ಲಿ ನೀರು ನುಗ್ಗಿ ಇಡೀ ಅಡಕು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನನ್ನ ತವರಿನ ಕೆಂಪು ಮಣ್ಣಿನ ಕಣ ಹೆಚ್ಚಾಗಿ ಕಯೋಲಿನೈಟ್. ಅದರಲ್ಲಿ ಸಿಲಿಕಾ ಒಂದು, ಅಲ್ಯೂಮಿನಾ ಒಂದು. ಪದರಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ನೀರಿಗೆ ಒಳಗೆ ದಾರಿಯಿಲ್ಲ. ಬೇಸಿಗೆಯಲ್ಲಿ ಮನೆಯ ಸುತ್ತಿನ ಮಣ್ಣೆಲ್ಲ ಕುಗ್ಗಿ ಕೆಳಗಿಳಿದಾಗ ನಾನು ನೀರೆರೆದ ಆ ಒಂದು ಮಗ್ಗುಲು ಮಾತ್ರ ಉಬ್ಬಿಯೇ ನಿಂತಿತ್ತು. ಗೋಡೆ ಪಾಪ ಎತ್ತ ಹೋಗಬೇಕು?

ಗಿಡ ಹಳದಿಯಾದದ್ದು ಬೇರೆ ಕಥೆ. ನೀವೂ ಮಾಡಿ ನೋಡಿ: ಎರೆಮಣ್ಣಿನಲ್ಲಿ ಸಿಗುವ ಬಿಳಿ ಹರಳಿನ ಮೇಲೆ ನಿಂಬೆರಸ ಹಿಂಡಿದರೆ ಚುರ್ರೆಂದು ನೊರೆ ಬರುತ್ತದೆ. ಅದು ಸುಣ್ಣದ ಅಂಶ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಈ ಸುಣ್ಣ ಅದನ್ನು ಬೇರಿಗೆ ಸಿಗಗೊಡುವುದಿಲ್ಲ. ಹುಳಿ-ಕ್ಷಾರದ ಅಳತೆಯಲ್ಲಿ ೭ ಎಂದರೆ ಸಮ. ನಮ್ಮ ಹಿತ್ತಲಿನದು ೮ಕ್ಕಿಂತ ಮೇಲೆ, ತವರಿನದು ೫ರ ಆಸುಪಾಸು. ಜೋಳ, ಹತ್ತಿ, ಕಡಲೆಗೆ ಎರೆ ತಾಯಿಯಂತೆ. ಕೇಪಳಕ್ಕೆ ಮಾತ್ರ ಮಲತಾಯಿ.

ಹಾಗಾದರೆ ಕಾಡಿನ ಮಣ್ಣೇ ಶ್ರೀಮಂತವೇ ಎಂದೆ. ಅಲ್ಲವಂತೆ! ಮಳೆ ಹೊಡೆದು ಹೊಡೆದು ಸುಣ್ಣ, ಸಿಲಿಕಾ ಕೊಚ್ಚಿಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದ ಮಣ್ಣು ಅದು. ೧೮೦೭ರಲ್ಲಿ ಬುಕಾನನ್ ಎಂಬವರು ಇಂಥ ಕೆಂಪು ಕಲ್ಲಿಗೆ 'ಇಟ್ಟಿಗೆ' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟರು. ಸಾರವೆಲ್ಲ ಮೇಲಿನ ದರಗಿನಲ್ಲಿ, ಅದು ಕೊಳೆತ ಗೊಬ್ಬರದಲ್ಲಿ. ಅದಕ್ಕೇ ಏನೋ ಆಯಿ ಸೊಪ್ಪಿನ ಬೆಟ್ಟದಿಂದ ಸೊಪ್ಪು ತರಿಸಿ ತೋಟಕ್ಕೆ ಹಾಕಿಸುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ.

ಪಾಟಲಿ ಉಳಿಯಿತು. ಗೋಡೆ ಕೆಡವಲಿಲ್ಲ. ಗಿಡಗಳನ್ನು ಕಿತ್ತು, ಕೆಂಪು ಮಣ್ಣು, ಎಲೆಗೊಬ್ಬರ ತುಂಬಿದ ಕುಂಡಕ್ಕೆ ಹಾಕಿದೆ. ಒಂದು ಲೀಟರ್ ನೀರಿಗೆ ೫ ಗ್ರಾಂ ಅನ್ನಭೇದಿ, ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಚಿಮುಕಿಸಿದೆ. (ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಜೋಕೆ.) ಬೋರಿನ ಗಡಸು ನೀರಿನ ಬದಲು ಹಿಡಿದಿಟ್ಟ ಮಳೆನೀರು ಹಾಕುತ್ತೇನೆ. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಹಾಸುಗಲ್ಲು ಹಾಕಿಸಿದೆವು, ಬಚ್ಚಲು ನೀರನ್ನು ದೂರಕ್ಕೆ ತಿರುಗಿಸಿದೆವು. ಹೊಸದಾಗಿ ಕಟ್ಟುವವರು ಮೊದಲೇ ಎಂಜಿನಿಯರರನ್ನು ಕೇಳಿ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆಭೂಮಿಗೆಂದೇ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬದ ಪಾಯ ರೂಪಿಸಿದ್ದಾರೆ. ಅದು ಸುಮಾರು ೩.೫ ಮೀಟರ್ ಆಳಕ್ಕೆ, ತೇವ ಏರಿಳಿಯದ ಕಡೆಗೆ ಹೋಗುತ್ತದೆ.

ಬಿರುಕನ್ನು ತಕ್ಷಣ ಮುಚ್ಚಬೇಡಿ ಎಂದಿದ್ದಳು ಹುಡುಗಿ. ಅದಕ್ಕೆ ಅಡ್ಡಲಾಗಿ ಮೈದಾ ಅಂಟಿನಿಂದ ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆದೆ. ಮೊದಲ ವರ್ಷ ಸಂಕ್ರಾಂತಿಗೆ ಅಂಟಿಸಿದ್ದು ಯುಗಾದಿಗೆ ಹರಿಯಿತು. ಮರುವರ್ಷದ್ದು ಹರಿಯಲಿಲ್ಲ. ಆಮೇಲೆ ಗೌಂಡಿಯನ್ನು ಕರೆಸಿ ಗಿಲಾವು ಮಾಡಿಸಿದೆವು.

ನಾಲ್ಕರಲ್ಲಿ ಒಂದು ಗಿಡ ಸತ್ತಿತು. ಉಳಿದ ಮೂರರ ಹೂವನ್ನು ಈಗ ಅತ್ತೆಯೇ ಬೆಳಿಗ್ಗೆ ಎದ್ದು ಎಣಿಸಿ ಬಿಡಿಸುತ್ತಾರೆ.