ತಲೆ ತಗ್ಗಿಸಿ ಓದುವ ಕಾಡು

ಮಳೆಕಾಡಿಗೆ ಮೊದಲ ಸಲ ಹೋದವರ ಕುತ್ತಿಗೆ ನೋಯುತ್ತದೆ. ಮೂವತ್ತು ಮೀಟರಿನ ಮೇಲೆಲ್ಲೋ ಹೆಣೆದುಕೊಂಡ ಎಲೆಚಾವಣಿ, ಅದರ ಸಂದಿಯಲ್ಲಿ ಏನೋ ಸರಿದ ಸದ್ದು, ದುರ್ಬೀನು ಕಣ್ಣಿಗೇರಿಸುವಷ್ಟರಲ್ಲಿ ಅಲುಗಾಡುವ ಟೊಂಗೆ ಮಾತ್ರ. ಅರ್ಧ ದಿನ ಹೀಗೇ ಕಳೆದು, ಏನೂ ಕಾಣಲಿಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡು ಇಳಿದು ಬರುವವರೇ ಹೆಚ್ಚು. ಮತ್ತೆ ಮತ್ತೆ ಹೋಗುವವರು ಮಾತ್ರ ನಿಧಾನವಾಗಿ ಇನ್ನೊಂದು ಅಭ್ಯಾಸಕ್ಕೆ ಬೀಳುತ್ತಾರೆ. ಅವರು ನೆಲ ನೋಡಲು ಕಲಿಯುತ್ತಾರೆ. ಮೇಲೆ ತಿಂದದ್ದು, ಕಚ್ಚಿ ಬಿಟ್ಟದ್ದು, ಅರಳಿ ಮುಗಿದದ್ದು ಎಲ್ಲವೂ ಒಂದಲ್ಲ ಒಂದು ಹೊತ್ತಿಗೆ ಕೆಳಗೆ ಬಂದೇ ಬರುತ್ತದೆ. ಅದನ್ನು ಓದುವ ರುಚಿ ಹತ್ತಿದವರಿಗೆ ನೂರು ಹೆಜ್ಜೆ ನಡೆಯಲು ಒಂದು ಬೆಳಗು ಸಾಲುವುದಿಲ್ಲ.

ಈ ರುಚಿ ಹತ್ತಲು ಪೋತ್ತನೂರು ಒಳ್ಳೆಯ ಊರು. ಅಲ್ಲಿ ಮಳೆಕಾಡು ಇದೆಯೆಂದಲ್ಲ. ಕೊಯಮತ್ತೂರಿನ ದಕ್ಷಿಣದ ಈ ರೈಲು ಜಂಕ್ಷನ್ ಮಳೆನೆರಳಿನ ಬಯಲಿನಲ್ಲಿದೆ. ಈ ಸೀಮೆಯ ಸರಾಸರಿ ಮಳೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು. ಸುತ್ತಲಿನ ಊರುಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ನೇಕಾರರ ಕುಟುಂಬಗಳಿವೆ. ಅವರು ಬೆಳೆದದ್ದು ತೆಂಗು, ಜೋಳ, ಜಾಲಿಯ ನಡುವೆ. ಆದರೆ ಊರಾಚೆ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ ಬಲಗಡೆ ವೆಳ್ಳಿಯಂಗಿರಿಯ ಸಾಲು, ಎಡಗಡೆ ದೂರದಲ್ಲಿ ಆನೆಮಲೆ, ನಡುವೆ ಬೆಟ್ಟವೇ ಇಲ್ಲದ ಬಯಲು. ಅದೇ ಪಾಲಕ್ಕಾಡು ಕಣಿವೆ, ಪಶ್ಚಿಮಘಟ್ಟದ ಅತಿ ಅಗಲವಾದ ಬಿರುಕು.

ಮೂವತ್ತು ಚಿಲ್ಲರೆ ಕಿಲೋಮೀಟರಿನ ಆ ಬಯಲನ್ನು ರೈಲು ಸಲೀಸಾಗಿ ದಾಟುತ್ತದೆ; ಎತ್ತರದ ಚಳಿಗೆ ಒಗ್ಗಿದ ಪುಟ್ಟ ಹಕ್ಕಿಗಳಿಗೆ ಅದು ಸಮುದ್ರದಷ್ಟೇ ದೊಡ್ಡದು. ಕಣಿವೆಯ ಉತ್ತರಕ್ಕೆ ನೀಲಗಿರಿಯ ಶೋಲಾ ಕಾಡುಗಳಲ್ಲಿ ಹಾಡುವ ನಗೆಮಲ್ಲ ಹಕ್ಕಿಯೇ ಬೇರೆ, ದಕ್ಷಿಣದ ಆನೆಮಲೆ-ಪಳನಿ ಬೆಟ್ಟಗಳದ್ದೇ ಬೇರೆ. ಶೋಲಾ ನೆಲದ ಪೊದೆಯಲ್ಲಿ ಓಡಾಡುವ ನೀಲಿ ರಾಬಿನ್ ಹಕ್ಕಿಯ ಕಥೆಯೂ ಹಾಗೆಯೇ: ಉತ್ತರಕ್ಕೊಂದು ಜಾತಿ, ದಕ್ಷಿಣಕ್ಕೊಂದು. ವಿ. ವಿ. ರಾಬಿನ್ ಮತ್ತು ಸಂಗಡಿಗರು ಈ ಹಕ್ಕಿಗಳ ವಂಶಾವಳಿ ಬಿಡಿಸಿ, 2017ರಲ್ಲಿ ಇವಕ್ಕೆಂದೇ ಎರಡು ಹೊಸ ಕುಲಗಳನ್ನು ಹೆಸರಿಸಿದರು. ಪೋತ್ತನೂರಿನವರು ದಿನವೂ ಕಾಣುವ ಆ ಖಾಲಿ ದಿಗಂತ ಲಕ್ಷಾಂತರ ವರ್ಷ ಹಕ್ಕಿಗಳನ್ನು ಬೇರ್ಪಡಿಸಿ ನಿಂತಿದೆ.

ಪೋತ್ತನೂರಿನಿಂದ ಪೊಳ್ಳಾಚಿಗೆ 1915ರಲ್ಲಿ ಹಾಕಿದ ಮೀಟರ್ ಗೇಜ್ ಹಳಿ 2017ರಲ್ಲಿ ಬ್ರಾಡ್ ಗೇಜ್ ಆಯಿತು. ಪೊಳ್ಳಾಚಿಯಲ್ಲಿ ಇಳಿದು ವಾಲ್ಪಾರೈ ಬಸ್ಸು ಹತ್ತಿದರೆ, ಆಳಿಯಾರ್ ಅಣೆಕಟ್ಟು ದಾಟಿದ ಮೇಲೆ ನಲವತ್ತು ಹೇರ್‌ಪಿನ್ ತಿರುವು. ಕೆಳಗಿನ ತಿರುವುಗಳಲ್ಲಿ ಒಣ ಕುರುಚಲು. ಮೇಲೇರಿದಂತೆ ಕಿಟಕಿಯಿಂದ ಬರುವ ಗಾಳಿ ತಂಪಾಗಿ, ಬಂಡೆಗಳ ಮೇಲೆ ಹಾವಸೆ ಕಾಣಿಸುತ್ತದೆ. ವಾಲ್ಪಾರೈ ಸುತ್ತ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗಗಳಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಲ್ಲಿನ ಕಾಡು ಕಡಿದು ಕಾಫಿ, ಚಹಾ ತೋಟ ಮಾಡಿದರು. ಸುಮಾರು 220 ಚದರ ಕಿಲೋಮೀಟರಿನ ಪ್ರಸ್ಥಭೂಮಿಯಲ್ಲಿ ಈಗ ಉಳಿದಿರುವುದು ಚಹಾದ ನಡುನಡುವೆ ತುಂಡು ತುಂಡು ಮಳೆಕಾಡು. ಸುತ್ತ ಆನೆಮಲೆ ಹುಲಿ ಸಂರಕ್ಷಿತ ಪ್ರದೇಶ.

ನೆಲ ಓದುವವರಿಗೆ ಇಲ್ಲಿನ ಮೊದಲ ಪಾಠ ಕುಲ್ಲೇನಿಯ ಮರ. ತಮಿಳರು ವೆಡಿಪ್ಲಾ ಎನ್ನುತ್ತಾರೆ. ದುರಿಯನ್ ಹಣ್ಣಿನ ಹತ್ತಿರದ ನೆಂಟ. ಹಲಸಿನಂತೆ ದಪ್ಪ ಕೊಂಬೆಯ ಮೈಗೇ ಅಂಟಿ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ಆ ಹೂವಿಗೆ ದಳಗಳೇ ಇಲ್ಲ, ಇರುವುದು ಮಾಂಸಲವಾದ ಕೊಳವೆ. ಬೇಸಿಗೆ ಶುರುವಾಗಿ ಹಣ್ಣು ವಿರಳವಾದ ಹೊತ್ತಿಗೇ ಅರಳುವುದರಿಂದ ಕಾಡಿಗೆಲ್ಲ ಅದೇ ಊಟ. ಮರದ ಬುಡದಲ್ಲಿ ಆ ಕೊಳವೆಗಳು ಚೆಲ್ಲಾಡಿ ಬಿದ್ದಿದ್ದರೆ ಮೇಲೆ ಸಿಂಗಳೀಕಗಳೋ ಕೆಂದಳಿಲೋ ಬಂದಿದ್ದವು ಎಂದು ತಿಳಿಯಬೇಕು. ಹೂವು ತಿನ್ನಲು ಬಂದ ಪ್ರಾಣಿಗಳೇ ಮೂತಿಗೆ ಪರಾಗ ಮೆತ್ತಿಕೊಂಡು ಮುಂದಿನ ಮರಕ್ಕೆ ಒಯ್ಯುತ್ತವೆ. ಇನ್ನೂ ದಕ್ಷಿಣದ ಕಳಕ್ಕಾಡು ಬೆಟ್ಟಗಳಲ್ಲಿ ಟಿ. ಗಣೇಶ್ ಮತ್ತು ಸೌಭದ್ರಾ ದೇವಿ ಇದನ್ನು ವರ್ಷಗಟ್ಟಲೆ ನೋಡಿ 2000ದಲ್ಲಿ ಬರೆದಿದ್ದಾರೆ. ಮುಂದೆ ಮುಳ್ಳುಕಾಯಿ ಬಿಡುವ ಕಾಲಕ್ಕೆ ಸಿಪ್ಪೆಯ ಮೇಲಿನ ಗುರುತು ನೋಡಬೇಕು: ಜೋಡಿ ಬಾಚಿಹಲ್ಲಿನ ಗೀರಿದ್ದರೆ ಅಳಿಲು, ಕಿತ್ತು ಹರಿದಂತಿದ್ದರೆ ಕೋತಿ.

ಸಿಂಗಳೀಕ ಎಂದರೆ ಕನ್ನಡಿಗರಿಗೆ ಶಿರಸಿ-ಹೊನ್ನಾವರದ ಕಾಡು ನೆನಪಾಗುತ್ತದೆ. ಆನೆಮಲೆಯ ಗುಂಪುಗಳನ್ನೂ ದಶಕಗಳ ಕಾಲ ಬೆನ್ನುಹತ್ತಿದವರು ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಶಿಷ್ಯರು. ವಾಲ್ಪಾರೈ ಪೇಟೆಯ ಅಂಚಿನ ಪುದುತ್ತೋಟ್ಟಂನಲ್ಲಿ ನೂರು ಹೆಕ್ಟೇರೂ ಇಲ್ಲದ ಕಾಡಿನ ತುಂಡಿನಲ್ಲಿ ಈ ಕೋತಿಗಳು ಬದುಕಿವೆ. ಕಾಡಿನ ಮಧ್ಯೆಯೇ ರಸ್ತೆ. ಮರದಿಂದಿಳಿದು ರಸ್ತೆ ದಾಟುವಾಗ ಸಾಯುವುದನ್ನು ತಪ್ಪಿಸಲು ಅಲ್ಲಿ ಟೊಂಗೆಯಿಂದ ಟೊಂಗೆಗೆ ಸೇತುವೆ ಕಟ್ಟಿದ್ದಾರೆ. ಡಾಂಬರೂ ನೆಲವೇ ಅಲ್ಲವೇ? ಮಳೆ ಹನಿದ ರಾತ್ರಿಯ ಮರುದಿನ ಅದರ ಮೇಲೆ ಚಪ್ಪಟೆಯಾದ ಕಪ್ಪೆ, ಹಾವುಗಳನ್ನೂ ನೋಡಬೇಕಾಗುತ್ತದೆ. ನೋಡದೆ ದಾಟಿ ಹೋಗುವುದು ಸರಿಯಲ್ಲ.

ನಾಗಸಂಪಿಗೆಯ ಬಿಳಿ ದಳ, ಧೂಪದ ಮರದ ಕಡುಗೆಂಪು ಚಿಗುರೆಲೆ, ರಾಮಪತ್ರೆಯ ಕಾಯಿ ಬಿರಿದು ಇಣುಕುವ ಕೆಂಪು ಪತ್ರೆ ಇವೆಲ್ಲ ಸುಲಭದ ಓದು. ಬಿದ್ದ ಅತ್ತಿಹಣ್ಣನ್ನು ಸೀಳಿದರೆ ಸಾಸಿವೆಗಿಂತ ಚಿಕ್ಕ ಕಣಜಗಳು ಸಿಗಬಹುದು. ಆ ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಕಣಜಕ್ಕೆ ಮನೆಯಿಲ್ಲ. ಬಗ್ಗಿ ನೋಡುವವರ ಮೊಣಕಾಲಿಗೆ ಅಷ್ಟರಲ್ಲಿ ಇಂಬಳ ಹತ್ತಿರುತ್ತದೆ. ಅದಕ್ಕೆ ಹೆದರಿ ನಿಲ್ಲುವ ಹವ್ಯಾಸವಲ್ಲ ಇದು. ಒಮ್ಮೊಮ್ಮೆ ಕಾಂಡದ ತೊಗಟೆಯೇ ಒಂದು ಚೂರು ಕಿತ್ತುಬಂದು ಮುಂದಿನ ಮರಕ್ಕೆ ತೇಲುತ್ತದೆ: ಹಾರುವ ಓತಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿ ಬೆಳೆದವರಿಗೆ ಅದರ ಪರಿಚಯ ಬೇಕಿಲ್ಲ. ಇರುವೆ ತಿಂದು ಬದುಕುವ ಆ ಓತಿಯ ರೆಕ್ಕೆಯೆಂದರೆ ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಮೇಲೆ ಹರವಿದ ಚರ್ಮ. ಆನೆಮಲೆಯಲ್ಲೂ ಅದಿದೆ.

ಕಷ್ಟದ ಓದು ಹಿಕ್ಕೆಯದ್ದು. ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಕಂದು ಬಣ್ಣದ ತಾಳೆಬೆಕ್ಕು ಇರುಳಿನಲ್ಲಿ ಮರ ಸುತ್ತಿ ಹಣ್ಣು ತಿಂದು, ಬೆಳಗಾಗುವ ಮೊದಲು ಬಂಡೆಯ ಮೇಲೋ ಬಿದ್ದ ದಿಮ್ಮಿಯ ಮೇಲೋ ಗುರುತು ಬಿಟ್ಟು ಹೋಗಿರುತ್ತದೆ. ಅದು ಐವತ್ತಕ್ಕೂ ಹೆಚ್ಚು ಜಾತಿಯ ಕಾಡುಹಣ್ಣು ತಿನ್ನುತ್ತದೆಂಬುದು ದಿವ್ಯಾ ಮುದ್ದಪ್ಪ ಅವರ ಅಧ್ಯಯನದಿಂದ ಗೊತ್ತಾಯಿತು. ಹಾಗಾಗಿ ಒಂದೊಂದು ಹಿಕ್ಕೆಯಲ್ಲೂ ಮುಂದಿನ ಮರಗಳ ಬೀಜ. ಆದರೆ ತೋಟದ ಪಕ್ಕದ ಕಾಡಿನಲ್ಲಿ ಅದರೊಳಗೆ ಕಾಫಿ ಬೀಜವೂ ಸಿಗುತ್ತದೆ. ತೋಟದ ಕಾಫಿ ಹೀಗೆ ಕಾಡಿಗೆ ನುಗ್ಗಿ ಕೆಳಗಿಡಗಳ ಜಾಗ ಕಿತ್ತುಕೊಳ್ಳುತ್ತಿದೆ. ನೆರಳಿಗೆಂದು ಆಫ್ರಿಕಾದಿಂದ ತಂದ ಮೇಸಾಪ್ಸಿಸ್ ಮರದ ಹಣ್ಣನ್ನು ಮಂಗಟ್ಟೆ ತಿಂದು ಕಾಡಿನೊಳಗೆ ಉದುರಿಸುತ್ತದೆ. ಬೀಜ ಕಂಡಾಕ್ಷಣ ಹಿಗ್ಗುವಂತಿಲ್ಲ, ಯಾವ ಮರದ್ದೆಂದು ಕೇಳಬೇಕು.

ದೊಡ್ಡ ಮಂಗಟ್ಟೆಯ ಗೂಡಿನ ಕೆಳಗಿನ ನೆಲಕ್ಕೆ ಸಮಾನವಾದದ್ದು ಬೇರೆ ಯಾವುದೂ ಇಲ್ಲ. ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು, ಬಾಯಿಯನ್ನು ಮೆತ್ತಿ ಮುಚ್ಚಿಕೊಂಡು ಕೊಕ್ಕು ಹಿಡಿಸುವಷ್ಟೇ ಸೀಳು ಉಳಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಗಂಡೇ ಹಣ್ಣು ತಂದು ಉಣಿಸಬೇಕು. ಸೀಳಿನಿಂದ ಆಚೆ ಬಿದ್ದ ಅತ್ತಿ, ಧೂಪ, ರಾಮಪತ್ರೆಯ ಬೀಜಗಳು ಬುಡದಲ್ಲಿ ರಾಶಿಯಾಗಿ, ಮೊಳೆತು ಸಸಿಗಳೇ ಆಗಿರುತ್ತವೆ. ಆನೆಮಲೆಯ ಟಾಪ್‌ಸ್ಲಿಪ್ ಬಳಿಯ ಕರಿಯನ್ ಶೋಲಾದಲ್ಲಿ ರಘುಪತಿ ಕಣ್ಣನ್ ತೊಂಬತ್ತರ ದಶಕದಲ್ಲಿ ಈ ಹಕ್ಕಿಯ ಸಂಸಾರವನ್ನು ಅಭ್ಯಸಿಸಿದರು.

ಟಾಪ್‌ಸ್ಲಿಪ್‌ನಲ್ಲೇ ಹ್ಯೂಗೋ ವುಡ್ ಎಂಬ ಬ್ರಿಟಿಷ್ ಅರಣ್ಯಾಧಿಕಾರಿಯ ಸಮಾಧಿಯಿದೆ. ಜೇಬಿನ ತುಂಬ ತೇಗದ ಬೀಜ ತುಂಬಿಕೊಂಡು, ಊರುಗೋಲಿನಿಂದ ಕುಳಿ ಮಾಡಿ ಬಿತ್ತುತ್ತಾ ನಡೆಯುತ್ತಿದ್ದರೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. 1933ರಲ್ಲಿ ತೀರಿಕೊಂಡ ಅವರಿಗೆ ಮರಗಳ ಮೇಲಿದ್ದ ಪ್ರೀತಿ ದೊಡ್ಡದೇ. ಆದರೆ ತೇಗದ ಬೀಜ ಒಣಗಿದರೂ ಕಾಯುತ್ತದೆ; ಮಳೆಕಾಡಿನ ಅನೇಕ ಬೀಜಗಳಿಗೆ ಆ ತಾಳ್ಮೆಯಿಲ್ಲ. ಒಣಗಿದರೆ ಸತ್ತವು. ಹಸಿಯಿರುವಾಗಲೇ ಮಣ್ಣು ಸೇರಬೇಕು.

ಮೈಸೂರಿನಲ್ಲಿ 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ದಿವ್ಯಾ ಮುದ್ದಪ್ಪ, ಟಿ. ಆರ್. ಶಂಕರ ರಾಮನ್ ಮತ್ತು ತಂಡದವರು ವಾಲ್ಪಾರೈಯಲ್ಲಿ ಹಿಡಿದ ಕೆಲಸ ಇದೇ. ಸಂರಕ್ಷಿತ ಕಾಡಿನೊಳಗಿಂದ ಏನನ್ನೂ ಎತ್ತುವಂತಿಲ್ಲ. ರಸ್ತೆಬದಿಯಲ್ಲಿ, ತೋಟದ ಅಂಚಿನಲ್ಲಿ ಬಿದ್ದು ಹೇಗೂ ಹಾಳಾಗುವ ಬೀಜಗಳನ್ನು ಆಯ್ದು, ಸಸಿಮಡಿಯಲ್ಲಿ ಎಬ್ಬಿಸಿ, ನೂರಕ್ಕೂ ಹೆಚ್ಚು ಜಾತಿಯ ಸಸಿಗಳನ್ನು ತೋಟ ಕಂಪನಿಗಳ ಜಮೀನಿನ ಹಾಳುಬಿದ್ದ ಕಾಡಿನಲ್ಲಿ ನೆಟ್ಟರು. ನೆಟ್ಟು ಏಳರಿಂದ ಹದಿನೈದು ವರ್ಷವಾದ ಜಾಗಗಳನ್ನು ಸುಮ್ಮನೆ ಬಿಟ್ಟ ಜಾಗಗಳ ಜೊತೆ ಹೋಲಿಸಿದ ಅಧ್ಯಯನ 2019ರಲ್ಲಿ ಬಂತು. ನೆಟ್ಟಲ್ಲಿ ಎಲೆಚಾವಣಿ ಹೆಚ್ಚು, ಮರದ ಜಾತಿಗಳು ಹೆಚ್ಚು, ಮರಗಳಲ್ಲಿ ಕೂಡಿಟ್ಟ ಇಂಗಾಲವೂ ಹೆಚ್ಚು. ಮೂಲ ಕಾಡಿಗೆ ಸರಿಗಟ್ಟಲು ಮಾತ್ರ ಇನ್ನೂ ದೂರ ಹೋಗಬೇಕು.

ಮಂಗಟ್ಟೆ ಹೊಗಬಲ್ಲ ಪೊಟರೆ ಆಗುವಷ್ಟು ಆ ಮರಗಳು ದಪ್ಪಗಾಗಲು ಹಲವು ದಶಕ ಬೇಕು. ಅಲ್ಲಿಯವರೆಗೆ ಕಾಫಿಯ ನೆರಳಿಗೆಂದು ಕಡಿಯದೆ ಬಿಟ್ಟ ಹಳೆಯ ಕಾಡುಮರಗಳೂ ಗೂಡಿಗೆ ಒದಗುತ್ತಿವೆ. ಹಾಗಾಗಿ ಜನವರಿಯಿಂದ ಏಪ್ರಿಲಿನವರೆಗೆ ವಾಲ್ಪಾರೈ ಬಸ್ಸು ಹತ್ತುವ ಪೋತ್ತನೂರಿನವರು ಕಾಫಿ ತೋಟವನ್ನು ಬಿಟ್ಟು ಮುಂದೆ ಹೋಗಬಾರದು. ತೋಟದವರ ಅನುಮತಿ ಕೇಳಿ ಒಳಹೋಗಿ, ದಪ್ಪ ಮರದ ಬುಡದಲ್ಲಿ ಬೀಜದ ರಾಶಿ ಕಂಡರೆ ಅಲ್ಲಿಂದ ದೂರ ಸರಿದು ಕೂರಬೇಕು. ಮನುಷ್ಯರು ಹತ್ತಿರವಿದ್ದರೆ ಗಂಡು ಗೂಡಿಗೆ ಬರಲು ಹಿಂಜರಿಯುತ್ತದೆ, ಒಳಗಿನ ತಾಯಿ-ಮರಿ ಹಸಿದಿರುತ್ತವೆ.