ಅರ್ಧ ಸ್ಟ್ರಿಪ್ ಮಾತ್ರೆ

ಮಿನಿ ಪ್ರಾಜೆಕ್ಟ್ ಅಂದ್ರೆ ನಮ್ಮ ಬ್ರಾಂಚಲ್ಲಿ ಅರ್ಧ ಜನ ಅಟೆಂಡೆನ್ಸ್ ಸಿಸ್ಟಮ್, ಇನ್ನರ್ಧ ಜನ ಲೈಬ್ರರಿ ಮ್ಯಾನೇಜ್‌ಮೆಂಟ್. ನಾವು ನಾಲ್ವರು ಈ ಸಲ ಹಾಸ್ಟೆಲ್ ಪಕ್ಕದ ಮೆಡಿಕಲ್ ಶಾಪಿಗೆ ಹೋದೆವು. ತಪ್ಪು ಮಾತ್ರೆ ಯಾರ ಕೈಗೂ ಹೋಗದ ಹಾಗೆ ತಡೆಯುವ ಒಂದು ಸಾಫ್ಟ್‌ವೇರ್ ಬರೆಯಬೇಕು ಅನ್ನೋದು ಆಸೆ.

ಮೊದಲ ತಲೆನೋವು ಹೆಸರುಗಳದ್ದು. ಹೈಡ್ರಲಜಿನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜಿನ್ ಮೈತುರಿಕೆಗೆ. ಇಂಗ್ಲಿಷಿನಲ್ಲಿ ಎರಡಕ್ಕೂ 11 ಅಕ್ಷರ, ಬೇರೆ ಇರೋದು ನಡುವಿನ 3 ಮಾತ್ರ. ಡಾಕ್ಟರ ಕೈಬರಹದಲ್ಲಿ ಆ ಮೂರೂ ಸೇರಿ ಒಂದು ಗೆರೆ! ಇಂಥ ಜೋಡಿಗಳಲ್ಲಿ ಬೇರೆಯಾಗುವ ಭಾಗವನ್ನು ದೊಡ್ಡಕ್ಷರದಲ್ಲಿ ಬರೆಯಿರಿ ಅಂತ ಅಮೆರಿಕದ ಎಫ್‌ಡಿಎ 2001ರಲ್ಲೇ ಕಂಪನಿಗಳನ್ನು ಕೇಳಿತ್ತು. ಡಿಎಎ ಕ್ಲಾಸಲ್ಲಿ ಮಾರ್ಕ್ಸಿಗಾಗಿ ಓದಿದ್ದ ಎಡಿಟ್ ಡಿಸ್ಟೆನ್ಸ್ ಇಲ್ಲಿ ಕೆಲಸಕ್ಕೆ ಬಂತು. ಒಂದು ಹೆಸರು ಟೈಪ್ ಮಾಡಿದರೆ ಅದನ್ನು ಹೋಲುವ ಇನ್ನೊಂದನ್ನೂ, ಯಾವುದು ಯಾವ ಕಾಯಿಲೆಗೆ ಅನ್ನೋದನ್ನೂ ಪರದೆ ತೋರಿಸುತ್ತೆ. ಆದರೆ ಪ್ರತಿ ಮಾತ್ರೆಗೂ ಹೀಗೆ ಕೂಗಿದರೆ ಅಂಗಡಿಯವರು ಓದದೇ ಓಕೆ ಒತ್ತಿಬಿಡ್ತಾರೆ. ಅದಕ್ಕೇ ನಿಜಕ್ಕೂ ಅಪಾಯದ ಜೋಡಿಗಳಿಗೆ ಮಾತ್ರ ಎಚ್ಚರಿಕೆ ಇಟ್ಟಿದ್ದೇವೆ.

ಉಳಿದದ್ದು ಸ್ಕ್ಯಾನಿಂಗ್. ಕೇಂದ್ರ ಸರ್ಕಾರ 300 ಬ್ರಾಂಡ್‌ಗಳ ಮೇಲೆ ಬಾರ್‌ಕೋಡ್ ಇಲ್ಲವೇ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದೆ, 2023ರ ಆಗಸ್ಟ್ 1ರಿಂದ. ಬ್ಯಾಚ್ ನಂಬರು, ಎಕ್ಸ್‌ಪೈರಿ ಎಲ್ಲಾ ಅದರೊಳಗೇ ಇರುತ್ತೆ. ಸ್ಕ್ಯಾನರ್ ಹಿಡಿದು ಖುಷಿಯಾಗಿ ಹೋದೆವು.

"ಸ್ಟ್ರಿಪ್ ಪೂರ್ತಿ ಯಾರು ತಗೋತಾರ್ರಪ್ಪಾ?" ಅಂದರು ಅಂಗಡಿ ಅಣ್ಣ, ಕತ್ತರಿ ತೋರಿಸಿ.

ನಿಂತು ನೋಡಿದೆವು. ಒಬ್ಬರಿಗೆ ನಾಲ್ಕು ಮಾತ್ರೆ, ಇನ್ನೊಬ್ಬರಿಗೆ ಆರು. ದಿನಗೂಲಿಯವರು ಇವತ್ತಿನ ದುಡ್ಡಿಗೆ ಎಷ್ಟು ಬರುತ್ತೋ ಅಷ್ಟೇ. ಕತ್ತರಿಸಿದ ತುಂಡಲ್ಲಿ ಕೋಡೂ ಇಲ್ಲ, ಎಕ್ಸ್‌ಪೈರಿಯೂ ಇಲ್ಲ, ಎಷ್ಟೋ ಸಲ ಹೆಸರೂ ಅರ್ಧ. ಮನೆಗೆ ಹೋದ ಮೇಲೆ ಅದು ಬರೀ ಒಂದು ಬಿಳಿ ಮಾತ್ರೆ. ಬಡವರ ಕೈಗೆ ಬರುವಷ್ಟರಲ್ಲಿ ಮಾಹಿತಿಯೆಲ್ಲಾ ಕತ್ತರಿಯ ಆಚೆ ಕಡೆಯೇ ಉಳಿದಿರುತ್ತೆ ಅನ್ನೋದು ನಮ್ಮನ್ನ ತುಂಬಾ ಕಾಡಿತು.

ಹಾಗಾಗಿ ಸಂಜೆ ರಶ್ಶಲ್ಲಿ ಸ್ಕ್ಯಾನ್ ಮಾಡೋದು ಬಿಟ್ಟು, ಮಧ್ಯಾಹ್ನ ಸ್ಟಾಕ್ ಬಂದಾಗಲೇ ಡಬ್ಬಿಯಿಂದ ವಿವರ ತಗೊಳ್ಳೋ ಹಾಗೆ ಮಾಡಿದೆವು. ಮಾತ್ರೆ ಕತ್ತರಿಸಿದಾಗ ಅಂಗಡಿಯ ಬಿಲ್ ಪ್ರಿಂಟರೇ ಒಂದು ಪುಟ್ಟ ಚೀಟಿ ಕೊಡುತ್ತೆ. ಹೆಸರು, ಬ್ಯಾಚ್, ಎಕ್ಸ್‌ಪೈರಿ, ದಿನಕ್ಕೆ ಎಷ್ಟು ಸಲ, ಎಲ್ಲಾ ಕನ್ನಡದಲ್ಲಿ. ಅದನ್ನ ಪೇಪರ್ ಕವರಿಗೆ ಅಂಟಿಸೋದು. ಬಿಸಿಲಿಗೆ ಇಟ್ಟರೆ ಆ ಕಾಗದದ ಅಕ್ಷರ ಮಾಸುತ್ತೆ, ಅದು ಬೇರೆ ಮಾತು.

ಓದು ಬಾರದವರಿಗೆ ಅಂತ ಬೆಳಗ್ಗೆಗೆ ಸೂರ್ಯನ ಚಿತ್ರ ಹಾಕಿದ್ದೆವು. ಒಬ್ಬ ಅಜ್ಜಿ ನೋಡಿ, "ಸೂರ್ಯ ಹುಟ್ಟೋಕೆ ಮುಂಚೇನೇ ನನ್ ಕಾಫಿ ಆಗಿರ್ತದಲ್ಲ ಮಗಾ" ಅಂದರು. ಈಗ ಅಲ್ಲಿ ಕಾಫಿ ಲೋಟ ಇದೆ. ಊಟಕ್ಕೆ ಮುಂಚೆ ಅನ್ನೋದಕ್ಕೆ ಖಾಲಿ ತಟ್ಟೆ. ಊಟ ಆದ ಮೇಲೆ ಅನ್ನೋದಕ್ಕೆ ಏನು ಬರೆಯೋದು ಅಂತ ನಾಲ್ವರಲ್ಲೂ ಇನ್ನೂ ಜಗಳ. ಅದೂ ಖಾಲಿ ತಟ್ಟೆನೇ ಅಲ್ವಾ?